ಅರ್ಜಿಯೊಳಗಿನ ಅತ್ತಿ

ಟಿಕೋಟಾದ ನಮ್ಮ ಮನೆಯ ತಲಬಾಗಿಲು ಎಷ್ಟು ಗಿಡ್ಡವೆಂದರೆ, ಬಂದವರು ಯಾರೇ ಆಗಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. "ಸಾಹೇಬ್ರೂ ಬಗ್ಗತಾರ, ಸಗಣಿ ಕೇಳಾಕ ಬಂದವ್ರೂ ಬಗ್ಗತಾರ" ಎಂದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ಹೆಮ್ಮೆ ಪಡುತ್ತಿದ್ದಳು. ಬಾಗಿಲು ದಾಟಿದರೆ ಒಂದು ಎಮ್ಮೆ, ಎರಡು ಆಡು ಕಟ್ಟುವ ಜಾಗ. ಅದರ ಎದುರಿಗೆ ಒಂದು ಮೊಳ ಎತ್ತರದ ಪಡಸಾಲೆ. ಪಡಸಾಲೆಯ ಎಡಕ್ಕೆ ಅಡಿಗೆಮನೆ, ಬಲಕ್ಕೆ ಒಳಕೋಣೆ. ಒಳಕೋಣೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ ಇತ್ತು, ಮಳೆ ಬಂದರೆ ಅದರ ಮೇಲೆ ಒಡೆದ ಗಡಿಗೆ ಬೋರಲು ಹಾಕುತ್ತಿದ್ದೆವು. ಜೋಳದ ಚೀಲ, ಹಳೆಯ ಕೌದಿ, ಬೀಜಕ್ಕೆಂದು ಎತ್ತಿಟ್ಟ ಶೇಂಗಾ, ಮತ್ತು ಕಸ್ತೂರಿ ಅತ್ತಿ, ಇವಿಷ್ಟು ಆ ಕೋಣೆಯಲ್ಲಿ ಇರುತ್ತಿದ್ದವು. ಸಾಮಾನಿನ ಜೊತೆ ಅತ್ತಿಯನ್ನೂ ಸೇರಿಸಿ ಹೇಳಿದೆನೆಂದು ಯಾರೂ ಬೇಸರ ಮಾಡಿಕೊಳ್ಳಬಾರದು. ನಾವು ಆಕೆಯನ್ನು ಇಟ್ಟುಕೊಂಡಿದ್ದೇ ಹಾಗೆ.

ಅತ್ತಿ ಅಪ್ಪನ ಒಬ್ಬಳೇ ತಂಗಿ. ಮದುವೆಯಾಗಿ ಮೂರು ತಿಂಗಳಿಗೆ ಗಂಡನ ಮನೆಯಲ್ಲಿ ಊಟಕ್ಕೆ ಬಡಿಸುತ್ತಿರುವಾಗ ಸಾರಿನ ಬೋಗುಣಿಯ ಸಮೇತ ಬಿದ್ದಳಂತೆ. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಮರುದಿನವೇ ಅವರು ಜೀಪಿನಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿ, ಒಂದು ತಂಬಿಗೆ ನೀರೂ ಕುಡಿಯದೆ ತಿರುಗಿ ಹೋದರು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನನಗೆ ತಿಳಿವಳಿಕೆ ಬಂದಾಗಿನಿಂದ ಅತ್ತಿಗೆ ಆ ಬೇನೆ ಇತ್ತು, ಬೇನೆಗೆ ನಮ್ಮ ಮನೆಯ ಔಷಧಗಳೂ ಇದ್ದವು: ಕೈಯಲ್ಲಿ ಕಬ್ಬಿಣದ ಕೀಲಿಕೈ, ಮೂಗಿಗೆ ಹಳೆಯ ಚಪ್ಪಲಿ, ಹಲ್ಲಿನ ನಡುವೆ ಚಮಚ. ಆಕೆಯ ಮುಂದಿನ ಎರಡು ಹಲ್ಲು ಮುರಿದದ್ದು ಬೇನೆಯಿಂದಲ್ಲ, ಆ ಚಮಚದಿಂದ. ಆರು ವರ್ಷದವಳಿದ್ದಾಗಿನಿಂದ ಅತ್ತಿಯ ಜೊತೆ ಕೂಡುವ ಕೆಲಸ ನನ್ನದಾಯಿತು. ಬೇನೆ ಬರುವ ಮೊದಲು ಆಕೆಗೆ ಹುರಿದ ಎಳ್ಳಿನ ವಾಸನೆ ಬರುತ್ತಿತ್ತು. ಮನೆಯಲ್ಲಿ ಎಳ್ಳಿನ ಕಾಳೇ ಇಲ್ಲದ ದಿನವೂ ಬರುತ್ತಿತ್ತು.

"ವಾಸನಿ ಬಂತು ಮಗಾ" ಎನ್ನುವಳು. ಅಷ್ಟೇ. ನಾನು ಆಕೆಯ ತೋಳು ಹಿಡಿದು ಒಲೆಯಿಂದ ಎಳೆದು ಕೌದಿಯ ಮೇಲೆ ಮಲಗಿಸುತ್ತಿದ್ದೆ. ಒಂದು ಸಲ ಅಂಗಾತ ಬಿದ್ದಾಗ ಆಕೆಗೆ ಉಸಿರು ಕಟ್ಟಿ ಮುಖ ನೀಲಿಯಾಯಿತು. ಹೆದರಿ ಪಕ್ಕಕ್ಕೆ ಉರುಳಿಸಿದೆ, ನೊರೆ ಹೊರಗೆ ಹರಿದು ಉಸಿರು ಬಂತು. ಅಂದಿನಿಂದ ಕೀಲಿಕೈ ಹಿಡಿದು ಓಡಿ ಬರುವ ಆಯಿಗಿಂತ ಮೊದಲೇ ನಾನು ಅತ್ತಿಯನ್ನು ಪಕ್ಕಕ್ಕೆ ಹೊರಳಿಸಿಬಿಡುತ್ತಿದ್ದೆ. ನನಗೆ ಯಾರೂ ಕಲಿಸಿದ್ದಲ್ಲ. ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅವ್ವ ಎಮ್ಮೆ ಹಾಲು ಕೊಟ್ಟದ್ದನ್ನು ಗುರುತು ಮಾಡುತ್ತಿದ್ದಳು. ಅದೇ ಕ್ಯಾಲೆಂಡರಿನಲ್ಲಿ ನಾನು ಅತ್ತಿ ಬಿದ್ದ ದಿನಗಳಿಗೆ ಪೆನ್ಸಿಲಿನಿಂದ ಸಣ್ಣ ಗುಣಾಕಾರದ ಗುರುತು ಹಾಕತೊಡಗಿದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ನನಗೆ ಎರಡು ಸಂಗತಿ ಗೊತ್ತಾಗಿದ್ದವು: ಉಪವಾಸದ ದಿನ ಅತ್ತಿಗೆ ಬೇನೆ ತಪ್ಪುವುದಿಲ್ಲ, ಮುಟ್ಟಾಗುವ ಮುಂಚಿನ ಎರಡು ದಿನವೂ ತಪ್ಪುವುದಿಲ್ಲ. ಏಕಾದಶಿಯ ದಿನ ನಾನು ಕದ್ದು ಆಕೆಗೆ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದೆ. "ಪಾಪ ಬರತೈತಿ" ಎನ್ನುತ್ತಲೇ ತಿನ್ನುತ್ತಿದ್ದಳು.

ಪಿಯುಸಿ ಸೈನ್ಸ್ ಪಾಸಾದೆ. ವಿಜಯಪುರದಲ್ಲಿ ನರ್ಸಿಂಗ್ ಸೀಟೂ ಸಿಕ್ಕಿತು, ಆದರೆ ಫೀ ಕಟ್ಟುವ ಯೋಗ್ಯತೆ ನಮಗಿರಲಿಲ್ಲ. ವಿಜ್ಞಾನ ಮತ್ತು ವೈದ್ಯಕೀಯದ ಕಡೆ ಓದುವ ಹೆಣ್ಣುಮಕ್ಕಳಿಗೆ ವಿಜಯಪುರದ ಒಂದು ಟ್ರಸ್ಟಿನವರು ನಾಲ್ಕೂ ವರ್ಷದ ಫೀ, ಹಾಸ್ಟೆಲ್ ಕೊಡುತ್ತಾರೆಂದು ಕಾಲೇಜಿನ ಬೋರ್ಡಿನಲ್ಲಿ ನೋಡಿ ಅರ್ಜಿ ಹಾಕಿದೆ. ಅದು ಸಿಗದಿದ್ದರೆ ನನ್ನ ಪಾಲಿಗೆ ಏನಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನನ್ನ ಕ್ಲಾಸಿನ ಮೂವರು ಹುಡುಗಿಯರು ಆಗಲೇ ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದರು, ಗಂಡು ಗೊತ್ತಾಗುವವರೆಗೆ. ಜಾತಿ, ಆದಾಯದ ದಾಖಲೆಗೆ ಅಪ್ಪ ನಾಲ್ಕು ಸಲ ಕಚೇರಿ ಮೆಟ್ಟಿಲು ಹತ್ತಿ ಇಳಿದ. ಅರ್ಜಿಯ ಕೊನೆಯ ಹಾಳೆಯಲ್ಲಿ "ಈ ಕ್ಷೇತ್ರವನ್ನು ಏಕೆ ಆರಿಸಿಕೊಂಡಿರಿ? ಸ್ವಂತ ಅನುಭವದಿಂದ ಒಂದು ಪುಟ ಬರೆಯಿರಿ" ಎಂದಿತ್ತು. ನಾನು ಅತ್ತಿಯ ಬಗ್ಗೆ ಬರೆದೆ. ಹುರಿದ ಎಳ್ಳು, ಕೌದಿ, ಪಕ್ಕಕ್ಕೆ ಹೊರಳಿಸಿದ್ದು, ಕ್ಯಾಲೆಂಡರು, ಎಲ್ಲ. ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಅತ್ತಿಗೆ ಮಾತ್ರ ಓದಿ ಹೇಳಿದೆ. ತನ್ನ ಹೆಸರು ಕಾಗದದ ಮೇಲೆ ಬಂದದ್ದಕ್ಕೆ ಆಕೆ ನಾಚಿಕೊಂಡು, ಮುರಿದ ಹಲ್ಲಿನ ಮೇಲೆ ಸೆರಗು ಮುಚ್ಚಿಕೊಂಡು ನಕ್ಕಳು.

ಎರಡು ವಾರಕ್ಕೆ ಟ್ರಸ್ಟಿನಿಂದ ಕಾಗದ ಬಂತು: ಸೋಮವಾರ ಮನೆ ನೋಡಲು ಬರುತ್ತೇವೆ. ನಮ್ಮ ಕಡೆ ಇನ್ನೊಬ್ಬರ ಮನೆ ನೋಡಲು ಬರುವುದು ಬೀಗತನಕ್ಕೆ ಮಾತ್ರ. ಆಯಿಗೆ ಬೇರೆ ಅರ್ಥವೇ ಹೊಳೆಯಲಿಲ್ಲ. ಅದರ ಮೇಲೆ ಆಗ ನನ್ನ ಅಕ್ಕನನ್ನು ಬಬಲೇಶ್ವರಕ್ಕೆ ಕೊಡುವ ಮಾತುಕತೆ ನಡೆದಿತ್ತು. ಗಂಡಿನವರಿಗೆ ಅತ್ತಿಯ ವಿಷಯ ಹೇಳಿರಲಿಲ್ಲ, ಮೂರ್ಛೆ ಬೇನೆ ಇರುವ ಮನೆತನದ ಹುಡುಗಿ ಎಂದರೆ ಅವರು ಹೊಸ್ತಿಲೂ ತುಳಿಯುತ್ತಿರಲಿಲ್ಲ. ಭಾನುವಾರ ಬೆಳಗಿನಿಂದಲೇ ಆಯಿ ಓಣಿಯನ್ನೆಲ್ಲ ದೋಚತೊಡಗಿದಳು. ಶಾಮಿಯಾನದವರಿಂದ ಆರು ಪ್ಲಾಸ್ಟಿಕ್ ಕುರ್ಚಿ ಬಂದವು. ಎದುರು ಮನೆಯ ಟೀವಿ ಬಂತು, ಅದನ್ನು ಜೋಡಿಸಲು ನಮ್ಮ ಪಡಸಾಲೆಯಲ್ಲಿ ಪ್ಲಗ್ಗೇ ಇರಲಿಲ್ಲ. ದ್ರಾಕ್ಷಿ ತೋಟದವರ ಸೋಲಾಪುರ ಚಾದರ ಬಂತು. ಯಾರದೋ ಮೋಟಾರ್ ಸೈಕಲ್ ತಂದು ಎಮ್ಮೆಯ ಪಕ್ಕ ನಿಲ್ಲಿಸಿದರು. ಎಮ್ಮೆ ಅದರ ಸೀಟು ನೆಕ್ಕಿತು. ಅಪ್ಪ ತಲೆಗೆ ಕೈ ಹೊತ್ತುಕೊಂಡ.

"ಯವ್ವಾ, ನಾವು ಬಡವ್ರು ಅಂತ ಬರಕೊಟ್ಟೇವಿ. ಅವ್ರು ಬಡತನಾನ ನೋಡಾಕ ಬರಾಕತ್ತಾರ."

"ಬರದದ್ದು ಕಾಗದದಾಗ ಇರ್ಲಿ. ಮನಿಗೆ ಬಂದವ್ರ ಮುಂದ ಹರಕ ಚಾಪಿ ಹಾಸಂತೀಯೇನ? ನಾಳಿ ಬಬಲೇಶ್ವರಕ್ಕ ಸುದ್ದಿ ಮುಟ್ಟಿದ್ರ ಏನ್ ಗತಿ?"

"ಹಂಗಾದ್ರ ಸ್ಕಾಲರ್‌ಶಿಪ್ ಸಿಗೂದಿಲ್ಲ ಬೇ."

"ಸಿಗ್ಲಿಲ್ಲಂದ್ರ ಬಿಡು. ಮಾನ ಹ್ವಾದ್ರ ಅದನ್ಯಾರು ಕೊಡತಾರು?"

ಸೋಮವಾರ ಮುಂಜಾನೆ ಆಯಿ ಅತ್ತಿಯನ್ನು ಒಳಕೋಣೆಗೆ ಕಳಿಸಿ, ಶೇಂಗಾ ಬುಟ್ಟಿ ಮುಂದಿಟ್ಟು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. ಬಂದವರು ಹೋಗುವವರೆಗೂ ಕೆಮ್ಮಲೂ ಬಾರದೆಂದು ಹೇಳಿದಳು. ಬೀಗರು ಬಂದಾಗಲೆಲ್ಲ ಆಕೆಗೆ ಇದೇ ಜಾಗವಾಗಿತ್ತು. ನಾನೂ ತಡೆಯಲಿಲ್ಲ. ಬರುವವರು ಕುರ್ಚಿ, ಟೀವಿ ನೋಡಿ ಹೋಗುತ್ತಾರೆ, ಅರ್ಜಿಯ ಕೊನೆಯ ಹಾಳೆಯನ್ನು ಯಾರು ಓದುತ್ತಾರೆ ಎಂದುಕೊಂಡಿದ್ದೆ.

ಬಂದವರು ಒಬ್ಬರೇ. ದೊಡ್ಡ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ರಿಟೈರಾದ, ಬೆಳ್ಳಗಿನ ತಲೆಯ ಹೆಂಗಸು. ನಾನು ಅವರನ್ನು ಮುಂದೆಯೂ ಮೇಡಮ್ ಎಂದೇ ಕರೆದೆ. ಬಗ್ಗಿ ಒಳಗೆ ಬಂದು, ಕುರ್ಚಿಯ ಬೆನ್ನಿಗೆ ಬಣ್ಣದಲ್ಲಿ ಬರೆದ ಶಾಮಿಯಾನದವರ ಹೆಸರು ಓದಿ, ಸೀಟಿನ ಮೇಲೆ ಎಮ್ಮೆಯ ಜೊಲ್ಲು ಹತ್ತಿದ್ದ ಮೋಟಾರ್ ಸೈಕಲ್ ನೋಡಿ, ನಗು ತಡೆದುಕೊಂಡರು.

"ಇರ್ಲಿ ಬಿಡ್ರಿ, ನಮ್ಮ ತವರ್ಮನ್ಯಾಗೂ ಹಿಂಗ ಮಾಡತಿದ್ರು. ನಮ್ಮ ತವರು ಬಬಲೇಶ್ವರಾನ್ರಿ" ಎಂದರು.

ಆಯಿಯ ಕೈಯಲ್ಲಿದ್ದ ಅವಲಕ್ಕಿಯ ತಾಟು ಅಲ್ಲೇ ನಿಂತಿತು. ಮೇಡಮ್ ಅದನ್ನು ಗಮನಿಸದೆ ಫೈಲು ತೆಗೆದು ನನ್ನ ಕೊನೆಯ ಹಾಳೆಯನ್ನೇ ಮೊಣಕಾಲಿನ ಮೇಲೆ ಇಟ್ಟುಕೊಂಡರು.

"ಬಾಳ ಹುಡಗ್ಯಾರ ಅರ್ಜಿ ಓದೇನಿ. ಎಲ್ಲಾರೂ ಜನಸೇವಾ, ದೇಶಸೇವಾ ಅಂತ ಬರದಾರ. ಇದೊಂದರಾಗ ಒಬ್ಬಾಕಿ ಮನಿಷಾಳು ಅದಾಳ. ನಿಮ್ಮ ಮಗಳು ಮಾಡಿದ್ದು ನೋಡ್ರಿ, ನಾವು ಆಸ್ಪತ್ರ್ಯಾಗ ಚಾರ್ಟ್ ಬರದಂಗ ಬರದಾಳ. ಕರೀರಿ ಆ ಅತ್ತಿನ್ನ. ಆಕಿನ್ನ ನೋಡಾಕ ಅಂತನ ನಾ ಬಂದೇನಿ."

ಅಪ್ಪ ನೆಲ ನೋಡಿದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದು ಆಯಿಯ ಮುಖ ನೋಡಿ ನಿಂತಳು. ಹಾಳೆಯಲ್ಲಿ ಏನಿದೆಯೆಂದು ಅವರಿಗೆ ಆಗಲೇ ಗೊತ್ತಾದದ್ದು.

"ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ರಿ" ಎಂದಳು ಆಯಿ.

"ಇಲ್ಲಂದ್ರ?"

"ನನಗ ಇಂವ ಒಬ್ನ ಮಗಾರಿ. ಹೆಣ್ಣಮಕ್ಕಳಿಲ್ಲ."

ಮೇಡಮ್ ನನ್ನ ಕಡೆ ತಿರುಗಿದರು. ಅವರ ಮುಖದ ನಗು ಹೋಗಿತ್ತು.

"ಹಂಗಾದ್ರ ಇದೆಲ್ಲಾ ಕಟ್ಟಿ ಬರದಿ ಏನವಾ?"

ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಹಾಳೆ ಮಡಚಿ ಫೈಲಿನಲ್ಲಿ ಇಟ್ಟರು. ಫೈಲು ಚೀಲದೊಳಗೆ ಹೋಗುತ್ತಿತ್ತು. ಈಗ ಹಿಂತಿರುಗಿ ನೋಡಿದರೆ ನನಗೆ ಎರಡು ದಾರಿ ಇದ್ದವು: ಎದ್ದು ಹೋಗಿ ಚಿಲಕ ತೆಗೆಯುವುದು, ಇಲ್ಲವೆ ಸುಮ್ಮನಿದ್ದು ಸ್ಕಾಲರ್‌ಶಿಪ್ ಕಳೆದುಕೊಳ್ಳುವುದು. ಚಿಲಕ ತೆಗೆದರೆ ಅಕ್ಕನ ಮದುವೆ ಮುರಿಯುತ್ತಿತ್ತು, ಸುಮ್ಮನಿದ್ದರೆ ನಾನು ದ್ರಾಕ್ಷಿ ಶೆಡ್ಡಿಗೆ ಹೋಗುತ್ತಿದ್ದೆ. ಹದಿನೆಂಟು ವರ್ಷದ ನಾನು ಶ್ಯಾಣ್ಯಾಕಿ, ಮೂರನೆಯ ದಾರಿ ಹುಡುಕಿದೆ.

"ಸುಳ್ಳಲ್ರಿ ಮೇಡಮ್" ಎಂದೆ. "ಅತ್ತಿ ಇದ್ದಳ್ರಿ. ಅರ್ಜಿ ಹಾಕಿದ ಮ್ಯಾಲ ತೀರಿಕೊಂಡಳ್ರಿ. ಆಕಿ ಹೆಸರ ತಗದ್ರ ನಮ್ಮ ಆಯಿಗೆ ತಡಕೊಳ್ಳಾಕ ಆಗೂದಿಲ್ರಿ. ಅದಕ್ಕ ಇಲ್ಲ ಅಂದಳು."

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬಾಯಿ ತಾನೇ ಮುಂದುವರಿಯಿತು. ಬಬಲೇಶ್ವರ ನೆನಪಾಗಿ ಇನ್ನೊಂದು ಮಾತು ಸೇರಿಸಿದೆ.

"ಮನಿತನದ ಬ್ಯಾನಿ ಅಲ್ರಿ ಅದು. ಸಣ್ಣಾಕಿದ್ದಾಗ ಮಾಳಿಗಿ ಮ್ಯಾಲಿಂದ ಬಿದ್ದು ತಲಿಗೆ ಪೆಟ್ಟಾಗಿತ್ತಂತ."

ಒಳಕೋಣೆಯಲ್ಲಿ ಅಷ್ಟು ಹೊತ್ತೂ ಶೇಂಗಾ ಸುಲಿಯುವ ಸಪ್ಪಳ ಸಣ್ಣಗೆ ಕೇಳುತ್ತಿತ್ತು. ಅದು ನಿಂತಿತು.

ಮೇಡಮ್ ಎದ್ದು ಹೋಗಿ ಆಯಿಯ ಕೈ ಹಿಡಿದುಕೊಂಡರು. "ಹೆತ್ತ ಹೊಟ್ಟಿ ಸಂಕಟ ನನಗ ತಿಳೀತೈತ್ರಿ. ತಪ್ಪ ತಿಳೀಬ್ಯಾಡ್ರಿ" ಎಂದರು. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅದು ನಾಟಕದ ಅಳು ಅಲ್ಲ, ಅಷ್ಟು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ಬದುಕಿರುವ ಮಗಳ ಸಾವಿಗೆ ಸಾಂತ್ವನ ಕೇಳಿಸಿಕೊಳ್ಳುತ್ತ, ಅದೇ ಕೈಯಿಂದ ಆಕೆ ಮೇಡಮ್‌ಗೆ ಇನ್ನಷ್ಟು ಅವಲಕ್ಕಿ ಬಡಿಸಿದಳು. ಮೇಡಮ್ ಕ್ಯಾಲೆಂಡರು ಕೇಳಿದರು. ಗೋಡೆಯಿಂದ ಬಿಚ್ಚಿ ಕೊಟ್ಟೆ. ಪೆನ್ಸಿಲಿನ ಗುರುತುಗಳ ಮೇಲೆ ಬೆರಳಾಡಿಸಿ, ಫೈಲಿಗೆ ಹಚ್ಚಲು ತೆಗೆದುಕೊಂಡು ಹೋದರು. ಕೊನೆಯ ಗುರುತು ಹಿಂದಿನ ವಾರದ್ದು, ಅರ್ಜಿ ಹಾಕಿದ ಮೇಲಿನದು. ಅತ್ತಿ ಯಾವ ದಿನ ತೀರಿಕೊಂಡಳೆಂದು ಅವರು ಕೇಳಲಿಲ್ಲ, ಕೇಳಿದ್ದರೆ ಅದಕ್ಕೂ ನನ್ನಲ್ಲಿ ಉತ್ತರ ಹುಟ್ಟುತ್ತಿತ್ತು.

ಮೇಡಮ್ ಬಂದಿದ್ದ ಜೀಪಿನ ಸಪ್ಪಳ ದೂರವಾದ ಮೇಲೆ ಚಿಲಕ ತೆಗೆಯಲು ಯಾರೂ ಏಳಲಿಲ್ಲ. ನಾನೇ ಹೋದೆ. ಅತ್ತಿ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂತಿದ್ದಳು, ಮಡಿಲ ತುಂಬ ಶೇಂಗಾ ಸಿಪ್ಪೆ.

"ಸಿಗತೈತಂತೇನ ಮಗಾ?"

"ಸಿಗತೈತಿ ಅತ್ತಿ."

"ಛಲೋ ಆತು. ಅವಲಕ್ಕಿ ಉಳದಾವೇನ ನೋಡು. ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲ."

ಆಯಿ ನನಗೆ ದೃಷ್ಟಿ ತೆಗೆದಳು. ಎರಡು ಮನೆತನ ಉಳಿಸಿದೆ ಎಂದಳು. ಅಪ್ಪ ಮೋಟಾರ್ ಸೈಕಲ್ ತಿರುಗಿ ಕೊಡಲು ಹೋದವನು ಸಂಜೆಯವರೆಗೂ ಬರಲಿಲ್ಲ. ಅವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು.

"ನಿಮ್ಮ ಆಯಿ ಹೆದರಿ ಇಲ್ಲ ಅಂದ್ರು. ನೀ ಶ್ಯಾಣೆತನದಲೆ ಕೊಂದಿ. ಇದಕ್ಕೇನ ನಿನ್ನ ಸಾಲಿ ಕಲಿಸಿದ್ದು?"

ನಾನು ಅಂದು ಅವ್ವನ ಮೇಲೆ ಸಿಟ್ಟಾದೆ. ಸೊಸೆಯಾಗಿ ಇಷ್ಟು ವರ್ಷ ಆ ಚಿಲಕವನ್ನು ನೋಡುತ್ತ ಸುಮ್ಮನಿದ್ದವಳು ನನಗೆ ಬುದ್ಧಿ ಹೇಳುವುದೇ ಎಂದು ಮೂರು ದಿನ ಮಾತು ಬಿಟ್ಟೆ. ಬೈಗುಳ ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಸ್ಕಾಲರ್‌ಶಿಪ್ ಬಂತು. ಅಕ್ಕನ ಮದುವೆಯೂ ಆಯಿತು. ಮದುವೆಯ ಎರಡು ದಿನ ಅತ್ತಿ ಒಳಕೋಣೆಯಲ್ಲಿದ್ದಳು, ಈ ಸಲ ಚಿಲಕ ಹಾಕಬೇಕಾಗಲಿಲ್ಲ. ಆ ಸೋಮವಾರದಿಂದ ಆಕೆ ಹೊರಗಿನವರ ಚಪ್ಪಲಿ ಸಪ್ಪಳ ಕೇಳಿದರೆ ತಾನೇ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಟ್ರಸ್ಟಿನವರು ವಿಜಯಪುರದಲ್ಲಿ ಚೆಕ್ ಹಂಚುವ ಸಮಾರಂಭ ಮಾಡಿದಾಗ, ಸ್ವಂತ ಅತ್ತೆಯನ್ನು ಕಳೆದುಕೊಂಡ ದುಃಖವನ್ನು ಸೇವೆಗೆ ತಿರುಗಿಸಿದ ಹುಡುಗಿ ಎಂದು ಮೇಡಮ್ ನನ್ನನ್ನು ಪರಿಚಯಿಸಿದರು. ಚಪ್ಪಾಳೆ ಬಿತ್ತು. ಅಪ್ಪ ನಡುವಿನ ಸಾಲಿನಲ್ಲಿ ಕೂತು ತನ್ನ ಟೊಪ್ಪಿಗೆಯ ಒಳಗನ್ನು ನೋಡುತ್ತಿದ್ದ. ಪ್ರತಿ ವರ್ಷ ಸ್ಕಾಲರ್‌ಶಿಪ್ ಮುಂದುವರಿಸುವ ಫಾರಮ್ಮಿನ ಜೊತೆ ಹಳೆಯ ಅರ್ಜಿಯ ನಕಲೂ ಇರುತ್ತಿತ್ತು. ನಾನು ಅದನ್ನು ತೆರೆಯದೆ ಸಹಿ ಮಾಡುತ್ತಿದ್ದೆ.

ಎರಡನೆಯ ವರ್ಷ ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ಮೂರ್ಛೆ ರೋಗದ ಪಾಠ ಬಂತು. ರೋಗಿಯನ್ನು ಪಕ್ಕಕ್ಕೆ ಹೊರಳಿಸಬೇಕು, ಬಾಯಲ್ಲಿ ಏನನ್ನೂ ಇಡಬಾರದು, ಕೆಲವರಿಗೆ ಮೊದಲೇ ಏನಾದರೊಂದು ವಾಸನೆ ಬರುತ್ತದೆ ಎಂದೆಲ್ಲ ಹೇಳಿ, ಗುಳಿಗೆ ತಪ್ಪದೆ ತೆಗೆದುಕೊಂಡರೆ ಬಹಳ ಜನರಿಗೆ ಬೇನೆ ಹತೋಟಿಗೆ ಬರುತ್ತದೆ ಎಂದರು. ಗುಳಿಗೆ! ನಾನು ಯಾವುದೋ ದೊಡ್ಡ ಆಪರೇಷನ್ ಬೇಕಾಗಬಹುದು ಎಂದುಕೊಂಡಿದ್ದೆ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ, ಶೇಂಗಾ ಕಾಳಿಗಿಂತ ಸಣ್ಣ ಬಿಳಿಯ ಗುಳಿಗೆ. ಸುತ್ತಲಿನ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ನನ್ನ ಪೆನ್ನು ಏಳಲಿಲ್ಲ. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಇದು ಇತ್ತು, ನಾವು ಆಕೆಗೆ ಚಪ್ಪಲಿ ಮೂಸಿಸುತ್ತಿದ್ದೆವು.

ಆ ಗುಳಿಗೆಯಿಂದ ಅತ್ತಿಯ ಬೇನೆ ನಿಂತಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವ ನೀವು ಅದಕ್ಕೇ ಕಾಯುತ್ತೀರಿ. ಹೇಳಬೇಕಾದದ್ದು ಬೇರೆ ಇದೆ. ಪಾಠ ಕೇಳಿದ ದಿನದಿಂದ ಅತ್ತಿಯನ್ನು ಆಸ್ಪತ್ರೆಗೆ ಕರೆತರಲು ನಾನು ಒಂದು ವರ್ಷ ತೆಗೆದುಕೊಂಡೆ. ನಮ್ಮ ಡ್ಯೂಟಿ ಬೀಳುತ್ತಿದ್ದದ್ದು ಅದೇ ಆಸ್ಪತ್ರೆಯಲ್ಲಿ. ಟ್ರಸ್ಟಿನ ಹುಡುಗಿಯರು ಹೇಗೆ ಕೆಲಸ ಮಾಡುತ್ತಾರೆಂದು ನೋಡಲು ಮೇಡಮ್ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದರು. ಕಸ್ತೂರಿ ಎಂಬ ಹೆಸರು, ಟಿಕೋಟಾ ಎಂಬ ಊರು, ಮೂರ್ಛೆ ಬೇನೆ, ಪಕ್ಕದಲ್ಲಿ ನಾನು. ಅವರಿಗೆ ತಿಳಿಯಲು ಎಷ್ಟು ಹೊತ್ತು? ಪರೀಕ್ಷೆ ಮುಗಿಯಲಿ ಎಂದೆ, ಈ ವರ್ಷದ ಚೆಕ್ ಬರಲಿ ಎಂದೆ. ರಜೆಗೆ ಊರಿಗೆ ಹೋದಾಗ ಅತ್ತಿಯ ಪಕ್ಕದಲ್ಲೇ ಮಲಗಿದ್ದು, ಗುಳಿಗೆಯ ಸುದ್ದಿ ಹೇಳದೆ ತಿರುಗಿ ಬಂದೆ. ಆ ವರ್ಷವೇ ಅತ್ತಿ ರೊಟ್ಟಿ ಸುಡುವಾಗ ಒಲೆಯ ಮೇಲೆ ಬಿದ್ದಳು. ಎಳ್ಳಿನ ವಾಸನೆ ಬಂತೆಂದು ಹೇಳಲು ಹತ್ತಿರ ಯಾರೂ ಇರಲಿಲ್ಲ. ಎಡಗೈಯ ಮೂರು ಬೆರಳು ಅಂಟಿಕೊಂಡು ಒಂದಾದವು. ಆ ಕೈಯನ್ನು ನೋಡಿದ ಮೇಲೆ ಕರೆತಂದೆ. ಅದಕ್ಕಿಂತ ಮೊದಲೇ ತಂದೆನೆಂದು ನನಗೂ ಅನೇಕ ಸಲ ಸುಳ್ಳು ಹೇಳಿಕೊಂಡಿದ್ದೇನೆ.

ಮೇಡಮ್ ಬರದ ದಿನವನ್ನೇ ಆರಿಸಿದ್ದೆ. ನರ್ಸಿಂಗ್ ಡ್ರೆಸ್ ಹಾಕಿರಲಿಲ್ಲ. ಬಸ್ಸಿನಲ್ಲಿ ಅತ್ತಿ ಕಿಟಕಿಯ ಪಕ್ಕ ಕೂತು ಸಣ್ಣ ಮಗುವಿನ ಹಾಗೆ ಎಲ್ಲವನ್ನೂ ಕೇಳುತ್ತಿದ್ದಳು. ಇಟ್ಟಂಗಿಹಾಳ ದಾಟಿದ ಮೇಲೆ ದೂರದಲ್ಲಿ ಗೋಳಗುಮ್ಮಟದ ನೆತ್ತಿ ಕಂಡಿತು, ಆಕೆ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಸಾಲು ಇತ್ತು. ನಮ್ಮ ಪಾಳಿ ಬಂದಾಗ ಒಳಗಿದ್ದ ಗುಮಾಸ್ತ ತಲೆ ಎತ್ತದೆ ಹೆಸರು ಕೇಳಿದ. ಅತ್ತಿ ನನ್ನ ಕಿವಿಯ ಹತ್ತಿರ ಬಂದಳು.

"ಏನ್ ಹೆಸರ ಹೇಳ್ಲಿ ಮಗಾ?"

ಆ ಸೋಮವಾರದ ಬಗ್ಗೆ ಆಕೆ ನನ್ನೆದುರು ಎಂದೂ ಮಾತೆತ್ತಿರಲಿಲ್ಲ. ಅಂದು ಅಕ್ಕನ ಮದುವೆ ಎಂಬ ನೆವ ನನಗಿತ್ತು. ಈಗ ಅಕ್ಕನಿಗೆ ಮಗುವಾಗಿತ್ತು, ಆಯಿ ತೀರಿಕೊಂಡಿದ್ದಳು, ಮನೆತನದ ಮಾನಕ್ಕೆ ಕಾವಲು ಕೂಡುವವರು ಯಾರೂ ಉಳಿದಿರಲಿಲ್ಲ. ಉಳಿದದ್ದು ನನ್ನ ಕೊನೆಯ ವರ್ಷದ ಸ್ಕಾಲರ್‌ಶಿಪ್ ಒಂದೇ.

"ಶಾಂತಾ ಅನ್ನು" ಎಂದೆ.

"ಶಾಂತಾರಿ" ಎಂದಳು ಅತ್ತಿ, ಗಟ್ಟಿಯಾಗಿ.

ಗುಮಾಸ್ತ ಬರೆದುಕೊಂಡ. ವಯಸ್ಸು ಕೇಳಿದ. ಊರು ಕೇಳಿದಾಗ ಅತ್ತಿ ನನ್ನ ಕಡೆ ನೋಡದೆ ತಾನೇ ಇಟ್ಟಂಗಿಹಾಳ ಎಂದಳು, ಬಸ್ಸಿನಲ್ಲಿ ನಾನು ಹೇಳಿದ್ದ ಹೆಸರು. ಆಗ ಆತ ತಲೆ ಎತ್ತಿ ನನ್ನನ್ನು ಗುರುತು ಹಿಡಿದು ನಕ್ಕ.

"ಏನ್ರಿ ಸಿಸ್ಟರ್, ಇವತ್ತ ಡ್ಯೂಟಿ ಇಲ್ಲೇನ? ಇವ್ರು ನಿಮಗ ಏನಾಗಬೇಕ್ರಿ?"

ಯಾವತ್ತೂ ಉತ್ತರಕ್ಕೆ ತಡಮಾಡದ ನನಗೆ ಅಂದು ಒಂದು ಅಕ್ಷರವೂ ಹುಟ್ಟಲಿಲ್ಲ. ಅತ್ತಿಯೇ ಕಿಟಕಿಗೆ ಬಗ್ಗಿದಳು.

"ಏನೂ ಆಗೂದಿಲ್ರಿ ಯಪ್ಪಾ. ನನಗ ಯಾರೂ ಇಲ್ರಿ. ಪಾಪ, ದಾರಿ ತೋರಸಾಕ ಬಂದಾಳ ಈಕಿ."

ಗುಮಾಸ್ತ ಚೀಟಿ ಹರಿದು ನನ್ನ ಕೈಗೆ ಕೊಟ್ಟ. ನಾನು ಮುಂದೆ ನಡೆದೆ. ಅತ್ತಿ ಸುಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ನನ್ನಿಂದ ನಾಲ್ಕು ಹೆಜ್ಜೆ ದೂರ ಬಿಟ್ಟು ಹಿಂದೆ ಬಂದಳು.